ತೋರಣಕ್ಕೆ ಕಡಿದ ಓಕ್ ಕೊಂಬೆ

ಹೋದ ವಾರ ನಾವು ಈಗಿರುವ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಸಬ್‌ಡಿವಿಷನ್ನಿನಲ್ಲಿ ವಾಕಿಂಗ್ ಹೋಗಿದ್ದಾಗ, ಒಣಗಿ ನಿಂತ ಓಕ್ ಮರವೊಂದರಿಂದ ಅತಿಯಾಗಿ ಹಣ್ಣಾದ ಹಲಸಿನಂಥ ವಾಸನೆ ಬಂತು. ತೊಗಟೆ ಉದ್ದಕ್ಕೆ ಸೀಳಿತ್ತು. ಸೀಳಿನೊಳಗೆ ಬೂದು ಬಣ್ಣದ ಬೂಷ್ಟು. ನೆನಪಿಗಿಂತ ಮೊದಲು ನನಗೆ ಸಿಟ್ಟು ಬಂತು.

ಎಪ್ಪತ್ತರ ದಶಕದಲ್ಲಿ ನಾವು ಶಿಕಾಗೋ ಹತ್ತಿರದ ಲೈಲ್‌ನಲ್ಲಿ ಮನೆ ಕೊಂಡೆವು. ಪಕ್ಕದ ಮನೆಯವರು ಧಾರವಾಡದ ಕಡೆಯವರು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಹೆಂಡತಿ ಊರಿನಲ್ಲಿ ಸಸ್ಯರೋಗಗಳನ್ನೇ ಓದಿ ಎಂ.ಎಸ್ಸಿ. ಮಾಡಿದ್ದವರು, ಇಲ್ಲಿ ಕೆಲಸ ಮಾಡಲು ವೀಸಾ ಇಲ್ಲದೆ ಮನೆಯಲ್ಲಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಹಿತ್ತಿಲಲ್ಲಿ ಒಂದು ಹಳೆಯ ಓಕ್ ಮರ, ಅವರಲ್ಲಿ ಮೂರು. ಅಕ್ಕ ಆ ಮೂರರ ಕೆಳಗೆ ಕೂತೇ ಊರಿಗೆ ಕಾಗದ ಬರೆಯುತ್ತಿದ್ದರು.

ಗೃಹಪ್ರವೇಶ ಮೇ ತಿಂಗಳಲ್ಲಿ. ಇಂಡಿಯನ್ ಅಂಗಡಿಗಳ ಸಾಲಿದ್ದ ಡೆವನ್ ಅವೆನ್ಯೂನಲ್ಲೂ ಮಾವಿನೆಲೆ ಸಿಗಲಿಲ್ಲ. ತೋರಣವಿಲ್ಲದೆ ಹೊಸ್ತಿಲು ದಾಟುವುದಿಲ್ಲ ಎಂದು ನನ್ನ ಹೆಂಡತಿ ಹಟ ಹಿಡಿದಳು. ಗರಗಸ ತಂದು ನಮ್ಮ ಓಕ್ ಮರದ ಎರಡು ಕೊಂಬೆ ಕಡಿದೆ. ಊಟಕ್ಕೆ ಬಂದ ಅಕ್ಕ ತೋರಣದ ಓಕ್ ಎಲೆ ನೋಡಿ ಬಾಗಿಲಲ್ಲೇ ನಿಂತರು.

"ಈಗ ಕಡೀಬಾರದಿತ್ತು ತಮ್ಮಾ. ಹಸಿ ಗಾಯಕ್ಕ ಹುಳಾ ಬರ್ತಾವ, ರೋಗ ತರ್ತಾವ. ಕಡದ ಜಾಗಕ್ಕ ಇವತ್ತ ಬಣ್ಣ ಹಚ್ಚಿಬಿಡ್ರಿ."

"ಹುಳಕ್ಕೆ ಇನ್ವಿಟೇಷನ್ ಕೊಟ್ಟಿಲ್ಲ ಅಕ್ಕ, ನೀವು ಊಟ ಮಾಡಿ," ಎಂದೆ. ಎಲ್ಲರೂ ನಕ್ಕರು. ಅವರ ಗಂಡ ಎಲ್ಲರಿಗಿಂತ ಜೋರಾಗಿ.

ಹೀಗೆ ನಡೆಯಿತೆಂದು ನನ್ನ ನೆನಪು. ಬಣ್ಣದ ಮಾತು ಆ ದಿನ ಬರಲೇ ಇಲ್ಲ, ಆಮೇಲೆ ನೀವೇ ಸೇರಿಸಿಕೊಂಡದ್ದು ಎನ್ನುತ್ತಾಳೆ ಹೆಂಡತಿ. ಇರಬಹುದು... ಆದರೆ ಜುಲೈನಲ್ಲಿ ನಡೆದದ್ದರ ಬಗ್ಗೆ ಅನುಮಾನವಿಲ್ಲ.

ಮರದ ತುದಿಯ ಎಲೆಗಳು ಅಂಚಿನಿಂದ ಕಂದಿ, ಅರ್ಧ ಹಸಿರಿರುವಾಗಲೇ ಉದುರತೊಡಗಿದವು. ಟ್ರೀ ಕಂಪನಿಯವನು ಬಂದು, ಬುಡದಲ್ಲಿ ನನ್ನ ಲಾನ್‌ಮೋವರ್ ತಾಗಿ ತೊಗಟೆ ಎದ್ದಿದ್ದನ್ನು ತೋರಿಸಿ, ಅದೇ ಕಾರಣ, ಗೊಬ್ಬರ ಹಾಕಿ ಎಂದು ಹೋದ. ಅಕ್ಕ ಅಡುಗೆಮನೆಯ ಚಾಕು ಹಿಡಿದು ಬಂದರು. ಬುಡದ ಗಾಯವನ್ನು ಬೆರಳಿನಿಂದ ಸವರಿದರು.

"ಇದರ ಅಂಚಿಗೆ ಹೊಸ ತೊಗಟಿ ಬಂದೈತಿ ನೋಡ್ರಿ. ಇದು ಮಾಯಾಕತ್ತೈತಿ. ರೋಗ ಮ್ಯಾಲಿಂದ ಬಂದೈತಿ."

ಬಾಡಿದ ರೆಂಬೆಯ ತೊಗಟೆ ಸುಲಿದು ತೋರಿಸಿದರು. ಒಳಗಿನ ಬಿಳಿಯ ಮೇಲೆ ಕಂದು ಗೆರೆಗಳು. ಸೊರಗು ರೋಗ, ಇದರಿಂದ ಸತ್ತ ಮರದ ತೊಗಟೆ ಸೀಳಿ ಹಣ್ಣಿನ ವಾಸನೆ ಬರುತ್ತದೆ ಎಂದರು. ಓಕ್ ಮರಗಳ ಬೇರುಗಳು ನೆಲದೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ನಡುವೆ ಆಳವಾಗಿ ಕಂದಕ ತೋಡಿ ಬೇರು ಕತ್ತರಿಸಿದರೆ ತಮ್ಮ ಮೂರು ಮರಗಳಾದರೂ ಉಳಿದಾವು ಎಂದರು. ಆ ಕಂದಕ ನನ್ನ ಹೊಸ ಲಾನಿನ ನಡುವೆ ಹಾಯಬೇಕಿತ್ತು.

"ಲ್ಯಾಬ್ ರಿಪೋರ್ಟ್ ಇದೆಯಾ ಅಕ್ಕ?" ಎಂದೆ. ಆಗಷ್ಟೇ ಪಿಎಚ್.ಡಿ. ಮುಗಿಸಿದ ಸೊಕ್ಕು.

"ಲ್ಯಾಬ್ ಯಾರ್ ಕೊಟ್ಟಾರ ನನಗ?"

ಬೇಲಿಯಾಚೆಯಿಂದ ಅವರ ಗಂಡ, "ಬಿಡ್ರಿ ಸಾಹೇಬ್ರ, ಇಕಿಗೆ ಪೇಷಂಟ್ ಸಿಗಲಾರದ ಭಾಳ ದಿನಾ ಆಗಿತ್ತು," ಎಂದರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಕಂದಕ ತೋಡಲು ಬಿಡಲಿಲ್ಲ. ಗೊಬ್ಬರ ಹಾಕಿದೆ. ನಮ್ಮ ಮರ ಆಗಸ್ಟ್ ಮುಗಿಯುವುದರೊಳಗೆ ಸತ್ತಿತು.

ಮುಂದಿನ ಬೇಸಿಗೆಯಲ್ಲಿ ಅವರ ಒಂದು ಮರ, ಅದರ ಮರುವರ್ಷ ಉಳಿದೆರಡು. ಕಡಿಯುವ ದಿನ ಅಕ್ಕ ಹೊರಗೇ ನಿಂತಿದ್ದರು. ಕೆಲಸದವರಿಗೆ ಚಹಾ ಕೊಟ್ಟರು, ನನಗೂ ಒಂದು ಕಪ್ ಕೊಟ್ಟರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ... ಅದಕ್ಕಾಗಿ ಅವರ ಮೇಲೂ ನನಗೆ ಸಿಟ್ಟಿದೆ.

ವಾಕಿಂಗ್ ಮುಗಿಸಿ ಬಂದು, ಎಷ್ಟೋ ವರ್ಷಗಳ ಮೇಲೆ, ಅವರ ಮನೆಗೆ ಫೋನ್ ಮಾಡಿದೆ. ಗಂಡ ಎತ್ತಿಕೊಂಡರು. ಅಕ್ಕ ತೀರಿಹೋಗಿ ಎರಡು ವರ್ಷವಾಯಿತಂತೆ. ಏನು ಕೇಳಬೇಕಿತ್ತು ಎಂದರು. ಗೃಹಪ್ರವೇಶದ ದಿನ ಬಣ್ಣ ಹಚ್ಚಲು ಹೇಳಿದ್ದರೇ ಎಂದೆ.

"ಹೇಳಿದ್ಲೋ ಏನೋ... ಅಕಿ ಮಾತು ನಾ ಯಾವಾಗ ಕಿವಿಗೆ ಹಾಕ್ಕೊಂಡೇನಿ ಹೇಳ್ರಿ."

ಉತ್ತರ ಗೊತ್ತಿದ್ದವರು ಹನ್ನೊಂದು ವರ್ಷ ನನ್ನ ಪಕ್ಕದ ಮನೆಯಲ್ಲೇ ಇದ್ದರು. ಆಗ ಕೇಳಲಿಲ್ಲ.