ಎಲಾದಿಯೊ ಕೂರಿಸಿದ ಸೆನ್ಸರ್

ನನ್ನ ಹಳೆಯ ಶಿಷ್ಯ ಎಲಾದಿಯೊ ನಮ್ಮ ಅರೆಸಿಫೆಸ್ ಊರಿನಲ್ಲಿ ರೇಸ್ ಕಾರುಗಳ ವೈರಿಂಗ್ ಮಾಡುತ್ತಾನೆ. ತರಗತಿಯಲ್ಲೂ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಕಳೆದ ವರ್ಷ ತನ್ನ ಅಣ್ಣ ರೋಮುಲೊ ಓಡಿಸುವ ಕಾರಿಗೆ, ಬ್ರೇಕಿನ ಒತ್ತಡ ಅಳೆಯುವ ಸೆನ್ಸರನ್ನು ಕೂರಿಸಿದ. ಅಭ್ಯಾಸದ ಓಟ ಮುಗಿದ ಮೇಲೆ ಕಾರಿನ ಒಡತಿ ಹೆಬೆ ಕಂಪ್ಯೂಟರಿನಲ್ಲಿ ಮೂಡಿದ ಒತ್ತಡದ ಗೆರೆಗಳನ್ನು ನೋಡಿದಳು.

"ರೋಮುಲೊ, ಬ್ರೇಕ್ ಒತ್ತಿದ್ಯೋ, ಬೆಕ್ಕಿನ ಬೆನ್ನು ಸವರಿದ್ಯೋ? ಕಾಲಲ್ಲಿ ಬಲ ಇಲ್ಲ ಕಣಪ್ಪ. ಭಾನುವಾರದ ರೇಸಲ್ಲಿ ಬೇರೆಯವರು ಓಡಿಸ್ಲಿ."

ಅರವತ್ತರ ರೋಮುಲೊ ಊಟದ ಮೇಜಿನಲ್ಲಿ ಮಾಂಸದ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದ.

ಎಲಾದಿಯೊಗೂ ಕೆಂಡದ ಮೇಲೆ ಸುಟ್ಟ ಆ ಮಾಂಸದ ಊಟ ಸೇರಲಿಲ್ಲ. ಎದ್ದ, ಕೂತ, ಮತ್ತೆ ಎದ್ದು ಹೋಗಿ ಗೆರೆಗಳನ್ನು ನೋಡಿದ. ಕಾರು ನಿಂತಿದ್ದು, ಬ್ರೇಕನ್ನು ಯಾರೂ ಮುಟ್ಟದಿದ್ದಾಗಲೂ ಗೆರೆ ಸೊನ್ನೆಗಿಂತ ಬಹಳ ಕೆಳಗಿತ್ತು. ಆಗ ನೆನಪಾಯಿತು: ಬ್ರೇಕ್ ಒತ್ತದಿರುವಾಗಿನ ಸೊನ್ನೆಯನ್ನು ಸೆನ್ಸರಿಗೆ ಹೊಂದಿಸುವಾಗ ಅವನು ಚಾಲಕನ ಸೀಟಿನಲ್ಲಿ ಕೂತು, ಯೆರ್ಬಾ ಎಲೆಗೆ ಬಿಸಿನೀರು ಸುರಿದುಕೊಂಡು ಕಷಾಯ ಹೀರುತ್ತಿದ್ದ. ತೊಡೆಗಳ ನಡುವಿನ ಬಿಸಿನೀರಿನ ಫ್ಲಾಸ್ಕು ಉರುಳದಿರಲೆಂದು ಕಾಲನ್ನು ಬ್ರೇಕಿನ ಮೇಲೆ ಒತ್ತಿಟ್ಟಿದ್ದ.

ಅವನು ಊಟದ ಮೇಜಿಗೆ ಓಡಿದ. "ಹೆಬೆ ಅಕ್ಕ, ಅಣ್ಣನ ಕಾಲು ಸರಿಯಾಗೇ ಇದೆ. ನಾನು ಬ್ರೇಕ್ ತುಳ್ಕೊಂಡೇ ಸೊನ್ನೆ ಇಟ್ಬಿಟ್ಟೆ. ನಾನು ತುಳಿದಷ್ಟನ್ನೂ ಸೆನ್ಸರ್ ಅಣ್ಣನ ಲೆಕ್ಕದಿಂದ ಕಳೆದಿದೆ."

ಹೆಬೆ ಗೆರೆಗಳನ್ನು ಮತ್ತೆ ನೋಡಿ, "ಸರಿ, ಭಾನುವಾರ ಅವನೇ ಓಡಿಸ್ಲಿ," ಎಂದಳು.

ರೋಮುಲೊ ತಮ್ಮನನ್ನು ದಿಟ್ಟಿಸಿದ. "ಊಟಕ್ಕೆ ಮೊದ್ಲೇ ಹೇಳಿದ್ರೆ ನಾನೂ ನಾಲ್ಕು ತುಂಡು ತಿಂತಿದ್ದೆನಲ್ಲೋ."