ಭಟ್ಕಳದ ಫರ್ಜಾನಾ ಮತ್ತು ‘ಅಕ್ಕಿ ಹೆಚ್ಚಾತು’ ಪ್ರಾಜೆಕ್ಟು

ನಂಬಲಿಕ್ಕೆ ಆಗುತ್ತಿಲ್ಲ...
ಸುಳ್ಳಿರಬೇಕು ಅಂತ ಮತ್ತೆ ಫೋನ್ ಮಾಡಿ ಕೇಳಿದೆ.
ಸುಳ್ಳಲ್ಲ.

ಭಟ್ಕಳದ ಫರ್ಜಾನಾ, ಬಿಬಿಎ, ಇವತ್ತು ಬೆಳಗಿನ ಜಾವ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.
ಬಿಡದ ಜ್ವರ... ಆಮೇಲೆ ನ್ಯುಮೋನಿಯಾ.

ಹೆಸರಿನ ಮುಂದೆ ಬಿಬಿಎ ಅಂತ ಬರೆಯಲೇಬೇಕು.
ಬರೆಯದಿದ್ದರೆ ಜಗಳಕ್ಕೆ ಬರುತ್ತಿದ್ದಳು.

ನನ್ನ ಫ್ರೆಂಡ್ಸ್‌ನಲ್ಲಿ ಅವಳ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳುತ್ತೇನೆ.

ಮದುವೆ ಆಯಿತು ಅಂತ ಅವಳು ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟಿದ್ದಳು.
ಮಗಳು ಸನಾ ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ಸೇರಿದಳು. ಹೊನ್ನಾವರದಲ್ಲಿ ಬಿಬಿಎ.
ತನ್ನ ಅರ್ಧ ವಯಸ್ಸಿನ ಮಕ್ಕಳ ಜೊತೆ ಬೆಂಚಿನಲ್ಲಿ ಕೂತಳು.
ಮನೆಯವರು ಒಪ್ಪಿದ್ದು ಒಂದೇ ಷರತ್ತಿಗೆ... ಒಂದು ಸಬ್ಜೆಕ್ಟ್ ಹೋದರೂ ಅಲ್ಲಿಗೆ ಓದು ನಿಲ್ಲಿಸಬೇಕು.

ಕೊನೆಯ ವರ್ಷ ಪ್ರಾಜೆಕ್ಟಿಗೆ ಒಂದು ಹಳ್ಳಿ ಅಂಗಡಿ ಬೇಕಿತ್ತಂತೆ.
ದಿನಾ ಬಸ್ಸಿನ ಕಿಟಕಿಯಿಂದ ದಾರಿಯ ಮಂಕಿ ಊರಲ್ಲಿ ನನ್ನ ಕಿರಾಣಿ ಅಂಗಡಿ ಕಾಣುತ್ತಿತ್ತು.
ಒಂದು ದಿನ ಇಳಿದು ಬಂದಳು.

“ಅಕ್ಕಾ, ನಿಮ್ಮ ಇನ್ವೆಂಟರಿ ಸ್ಟಡಿ ಮಾಡ್ಲಾ?”
“ಅದೆಂತ ಅಂತ ನಂಗೊತ್ತಿಲ್ಲ. ಕೂತ್ಕಾ, ನೋಡು, ಬೇಕಾದ್ದು ಬರ್ಕಾ.”

ಕೂತಳು. ನೋಡಿದಳು. ಬರೆದಳು.

ನಮ್ಮ ಕಡೆ ದಿನಸಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ. ಅದು ಅಪಶಕುನ. ಲಕ್ಷ್ಮಿ ಇರುವ ಜಾಗದಲ್ಲಿ ‘ಇಲ್ಲ’ ಅನ್ನಬಾರದು ಅಂತ ನಮ್ಮಮ್ಮ ಹೇಳಿಕೊಟ್ಟದ್ದು.
ಹಾಗಾಗಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾತು’ ಅನ್ನುತ್ತೇವೆ.
ಅವತ್ತೂ ಗಿರಾಕಿಗೆ ಹಾಗೇ ಹೇಳಿದೆ. “ಅಕ್ಕಿ ಹೆಚ್ಚಾತು ತಂಗಿ, ನಾಳೆ ಬಾ.” ಎಣ್ಣೆಯೂ ಹೆಚ್ಚಾಗಿತ್ತು. ಸಕ್ಕರೆಯೂ.

ಫರ್ಜಾನಾ ಕಲಿತದ್ದು ಪುಸ್ತಕದ ಕನ್ನಡ. ಮನೆಯಲ್ಲಿ ನವಾಯತಿ, ಉರ್ದು.
ಅವಳು ಏನು ಬರೆದಳು ಗೊತ್ತಾ...
ಈ ಅಂಗಡಿಯಲ್ಲಿ ಮಾಲು ಬೇಕಾದ್ದಕ್ಕಿಂತ ಹೆಚ್ಚಿದೆ. ಆದರೂ ಮಾಲೀಕರು ಗಿರಾಕಿಯನ್ನು ವಾಪಸ್ ಕಳಿಸುತ್ತಾರೆ. ರೇಟು ಏರಲಿ ಅಂತ ಕಾಯುತ್ತಿರಬಹುದು!

ಗೈಡ್ ಮೇಷ್ಟ್ರು ಓದಿ, ಲೆಕ್ಕಕ್ಕೂ ಬರಹಕ್ಕೂ ತಾಳೆ ಇಲ್ಲ, ಸಹಿ ಹಾಕುವುದಿಲ್ಲ ಅಂದರಂತೆ.
ಸಹಿ ಇಲ್ಲದಿದ್ದರೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ.

ಬಂದವಳ ಮುಖ ಕೆಂಪಾಗಿತ್ತು.
“ನೀವೇ ಹೇಳಿದ್ದಲ್ಲಾ ನಾಗವೇಣಿ ಅಕ್ಕಾ, ಹೆಚ್ಚಾತು ಅಂತ! ಮನೇಲಿ ನಮ್ಮ ಅತ್ತೆ ಆಗ್ಲೇ ನನ್ನ ಬ್ಯಾಗು ಅಟ್ಟಕ್ಕೆ ಹಾಕೋಕೆ ತಯಾರಾಗಿದ್ದಾರೆ.”
ಡಬ್ಬದ ಮುಚ್ಚಳ ತೆಗೆದು ತಳ ತೋರಿಸಿದೆ.
“ನೋಡು, ಇದು ಹೆಚ್ಚಾದ ಅಕ್ಕಿ. ನನ್ನ ಕಾಳಸಂತೆಯವ್ಳು ಮಾಡಿಟ್ಯಲ್ಲೇ ಮಾರಾಯ್ತಿ!”

ಅವಳು ನಗಲಿಲ್ಲ. ಡಬ್ಬವನ್ನೇ ನೋಡುತ್ತಾ ನಿಂತಳು.
ಆಮೇಲೆ ಮೆಲ್ಲಗೆ ಹೇಳಿದಳು, “ನಮ್ಮ ದಾದಿ, ಅಪ್ಪನ ಅಮ್ಮ, ಅವ್ರೂ ಹೀಗೇ... ದೀಪ ಆರಿಸು ಅಂತಿರ್ಲಿಲ್ಲ. ‘ಚಿರಾಗ್ ಬಢಾ ದೋ’ ಅಂತಿದ್ರು. ದೀಪ ಹೆಚ್ಚು ಮಾಡು ಅಂತ. ಅರೇ ಅಕ್ಕಾ... ನಂಗೆ ಗೊತ್ತಿತ್ತು ಇದು!”

ಅದನ್ನೇ ಸೇರಿಸಿ ಎಲ್ಲ ಹೊಸದಾಗಿ ಬರೆದಳು. ಸಹಿ ಸಿಕ್ಕಿತು.
ವೈವಾಕ್ಕೆ ಕುಮಟಾ ಕಡೆಯ ಮೇಷ್ಟ್ರೊಬ್ಬರು ಬಂದಿದ್ದರಂತೆ. ಓದಿ ನಕ್ಕು, “ನಿಮ್ಮಲ್ಲಿ ಈಗ ಎಂತ ಹೆಚ್ಚಾಗಿದೆ?” ಅಂತ ಕೇಳಿದರಂತೆ.
“ಧೈರ್ಯ ಸರ್.”
“ಯಾವ ಅರ್ಥದಲ್ಲಿ?”
“ಒಳಗೆ ಬರುವಾಗ ನಿಮ್ಮ ಅರ್ಥದಲ್ಲಿ, ಈಗ ನಾಗವೇಣಿ ಅಕ್ಕನ ಅರ್ಥದಲ್ಲಿ.”
ಪಾಸಾದಳು.

ಫರ್ಜಾನಾ...
ರಿಸಲ್ಟ್ ಬಂದ ದಿನ ನೀನು ಹಲ್ವಾ ತಂದು ಕೊಟ್ಟೆ. ಶನಿವಾರ ನನಗೆ ಒಪ್ಪತ್ತು ಅಂತ ನೆನಪಿಟ್ಟು, ತುಪ್ಪದ್ದೇ, ದೇವರಿಗೆ ಇಟ್ಟು ತಿನ್ನಿ ಅಂದೆ.
ನಾನು ಇಟ್ಟೇ ತಿಂದೆ.
ಅಂಗಡಿ ಮುಂದೆ ನಿಂತು, “ಈಗ ಕರೀರಿ ಅಕ್ಕಾ, ಫುಲ್ ನೇಮ್” ಅಂದೆ.
“ಫರ್ಜಾನಾ ಬಿಬಿಎ, ಒಳಗೆ ಬಾ, ಬಿಸಿಲು” ಅಂದೆ ನಾನು.
ಘಟಿಕೋತ್ಸವಕ್ಕೆ ಗೌನ್ ಹಾಕುವಾಗ ನಾನೂ ಬರಬೇಕು ಅಂದಿದ್ದೆ ನೀನು. ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ ಮಾರಾಯ್ತಿ...
ಇನ್ನು ಸನಾ ಹೋಗುತ್ತಾಳಂತೆ, ನಿನ್ನ ಸರ್ಟಿಫಿಕೇಟ್ ತರಲಿಕ್ಕೆ. ಅವಳ ಜೊತೆ ನಾನು ಹೋಗುತ್ತೇನೆ. ಅದೇ ಸೀರೆ ಉಟ್ಟುಕೊಂಡು.

ಹುಟ್ಟಿದವರು ಹೋಗಲೇಬೇಕು, ಗೊತ್ತಿದೆ. ಅವನ ಲೆಕ್ಕ ನಮಗೆ ತಿಳಿಯುವಂಥದ್ದಲ್ಲ. ಅಳುತ್ತಾ ಕೂತಿಲ್ಲ ನಾನು. ಅಂಗಡಿಯಲ್ಲೇ ಇದ್ದೇನೆ, ಗಿರಾಕಿ ಇಲ್ಲದಾಗ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮಾತ್ರ ಬೆಳಿಗ್ಗೆಯಿಂದ ಕಿವಿಯಲ್ಲೇ ಇದೆ.

ಪ್ರಾಜೆಕ್ಟಿನ ಗಲಾಟೆ ಆದ ಮೇಲೆ ಅವರ ಮನೆಯಲ್ಲೂ ನನ್ನ ಮಾತು ತಮಾಷೆಗೆ ಶುರುವಾಗಿತ್ತು. ಸಕ್ಕರೆ ಹೆಚ್ಚಾತು, ಗ್ಯಾಸ್ ಹೆಚ್ಚಾತು ಅಂತ ತಾಯಿ ಮಗಳು ನಗುತ್ತಿದ್ದರಂತೆ.

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಸನಾ ಫೋನು.
“ಆಂಟಿ... ಅಮ್ಮಿ ಹೆಚ್ಚಾದ್ರು.”
ನನಗೆ ಹೊಳೆಯಲೇ ಇಲ್ಲ.
“ಎಂತ ಹೆಚ್ಚಾತು ಮಗಾ? ಜ್ವರ ಹೆಚ್ಚಾತಾ?”
“ಇಲ್ಲ ಆಂಟಿ... ನಿಮ್ಮ ಅಂಗಡಿ ಅಕ್ಕಿ ಹಾಗೆ.”

ಈ ಸಲ ತಪ್ಪು ತಿಳಿದದ್ದು ನಾನು.

ಹೋಗಿ ಬಾ ಫರ್ಜಾನಾ ಬಿಬಿಎ...
ನಿನ್ನ ದೇವರ ಬಾಗಿಲೋ, ನನ್ನ ದೇವರ ಬಾಗಿಲೋ, ಯಾವುದು ಮೊದಲು ಸಿಕ್ಕಿದರೂ ಒಳಗೆ ಕರೆಯಲಿ.
ನಿನ್ನ ಜೀವ ತಣ್ಣಗಿರಲಿ. 🙏