ಸಿಮೆಂಟಿನ ಹುಟ್ಟು

ನಾನು ಬಿ.ಎ. ಮುಗಿಸಿದ ವರ್ಷ ವಾಡಿಯ ಕಡೆ ಒಂದು ಖಾಸಗಿ ಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಭಂಕೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಕಡಿಯುತ್ತಿದ್ದ ಅಪ್ಪ, ಸಂದರ್ಶನದ ದಿನ ಕೆಲಸ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು ನನ್ನ ಜೊತೆ ಬಂದ. ಈ ನೌಕರಿ ಸಿಕ್ಕರೆ ಅವನು ಗಣಿಗೆ ಇಳಿಯುವುದು ತಪ್ಪುತ್ತಿತ್ತು. ಧೂಳು ಕುಡಿದು ಅವನ ಎದೆ ಆಗಲೇ ಗೊರಗೊರ ಅನ್ನುತ್ತಿತ್ತು.

ಒಳಗೆ ಮೂವರು ಕುಳಿತಿದ್ದರು. ನಿಮಗಿಷ್ಟವಾದ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡಿ ಎಂದರು. ನಾನು ಸಿಮೆಂಟ್ ಎತ್ತಿಕೊಂಡೆ. ಕಿಟಕಿಯಾಚೆ ಕಾರ್ಖಾನೆಯಿಂದ ಅದೇ ಧೂಳಾಗಿ ಹಾರುತ್ತಿತ್ತಲ್ಲ! ಕಾಲೇಜಿನ ದೊಡ್ಡ ನಿಘಂಟಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಲ್ಯಾಟಿನ್ನಿನಲ್ಲಿ ‘ಕೈದೆರೆ’ ಎಂದರೆ ಕಡಿಯುವುದು. ಕಡಿದ ಒರಟು ಕಲ್ಲಿನ ಚೂರು ‘ಕೈಮೆಂಟುಮ್’. ಆ ಚೂರುಗಳನ್ನು ಗಾರೆಗೆ ಬೆರೆಸುತ್ತಿದ್ದರು. ಫ್ರೆಂಚರ ಬಾಯಲ್ಲಿ ‘ಸಿಮಾಂ’ ಆಗುವ ಹೊತ್ತಿಗೆ ಹೆಸರು ಗಾರೆಗೇ ಅಂಟಿಕೊಂಡಿತು, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಕಲ್ಲು ಕಡಿಯುವವನ ಅಂಗಳದಿಂದ ಹೊರಟ ಪದವಿದು ಎಂದು ಮುಗಿಸಿದೆ.

“ಭಾಳ ಛಲೋ ಹೇಳಿದ್ರಿ,” ಎಂದರು ನಡುವೆ ಕುಳಿತ ಹಿರಿಯರು. “ನಿಮ್ಮ ತಂದಿಯವರು ಏನ್ ಮಾಡ್ತಾರ?”

“ಕಲ್ಲು ಕಡೀತಾನ್ರಿ.”

ಪದದ ಹುಟ್ಟು ಕೇಳಿ ತಲೆದೂಗಿದವರ ಮುಖ ನನ್ನ ಹುಟ್ಟು ಕೇಳಿ ಗಂಟಾಯಿತು. “ನಮ್ಮಲ್ಲಿ ದೊಡ್ಡ ಮನೆತನದ ಮಕ್ಕಳು ಓದ್ತಾವ. ನೋಡೂಣು, ಹೇಳಿ ಕಳಸ್ತೀವಿ. ಹೋಗಿ ಬಾ.”

ಹೇಳಿ ಕಳಿಸಿದರು, ನನಗಲ್ಲ, ಅಪ್ಪನಿಗೆ. ಶಾಲೆಯ ಹೊಸ ಕೋಣೆಗೆ ಫರಸಿ ಹಾಸಬೇಕಂತೆ! ಥೂ, ಇವರ ಮುಖಕ್ಕಿಷ್ಟು!

ಅಪ್ಪ ಹೋದ. ಹಾಸುವ ಮೊದಲು ಪ್ರತಿ ಕಲ್ಲನ್ನೂ ಸುತ್ತಿಗೆಯ ಹಿಡಿಯಿಂದ ಬಡಿದು ನೋಡುವುದು ನಮ್ಮವರ ಪದ್ಧತಿ. ಠಣ್ ಅಂದರೆ ಗಟ್ಟಿ, ಬದ್ ಅಂದರೆ ಒಳಗೆ ಬಿರುಕು. ಅಲ್ಲಿಯೂ ಒಂದೊಂದನ್ನೂ ಬಡಿದು, ಗಟ್ಟಿ ಕಲ್ಲನ್ನೇ ಆರಿಸಿ ಹಾಸಿ ಬಂದನಂತೆ. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

“ಒಂದರೆ ಒಡಕ ಕಲ್ಲು ಹಾಕಬಾರದಿತ್ತೇನಪಾ?”

“ಹುಡುಗ್ರು ಕುಂದ್ರೂ ಜಾಗ ಅದ, ಸುಮ್ಮನಿರವ್ವಾ,” ಎಂದು ಕೆಮ್ಮುತ್ತ ಗೋಡೆಗೆ ಒರಗಿದ. ಮರುದಿನ ಮತ್ತೆ ಗಣಿಗೆ ಇಳಿದ. ಆ ಕೆಮ್ಮೇ ಕೊನೆಗೆ ಅವನನ್ನು ಒಯ್ದಿತು.

ಅವನಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ, ಬರುವುದೂ ಬೇಡ. ಸೇಡಂನಲ್ಲಿ ಮನೆಪಾಠ ಹೇಳುತ್ತಲೇ ತಲೆ ಹಣ್ಣಾಯಿತು. ಪಾಠದಲ್ಲಿ ಸಿಮೆಂಟ್ ಬಂದರೆ ಅರ್ಥವನ್ನಷ್ಟೇ ಹೇಳುತ್ತೇನೆ. ಚುರುಕಾದ ಒಂದು ಹುಡುಗಿ ಎದ್ದು ನಿಂತು, ಈ ಪದ ಎಲ್ಲಿಂದ ಬಂತು ಟೀಚರ್ ಎಂದು ಕೇಳಿದರೆ ಗದರಿ ಕೂರಿಸುತ್ತೇನೆ.

“ಹುಟ್ಟು ಗಿಟ್ಟು ಕೇಳಬ್ಯಾಡ. ಮುಂದಿಂದು ಓದು.”